ಅಳಿವೆಯಂಚಿನ ಐಸ್ ಪ್ಲಾಂಟ್: ದೂರದ ಭೂಕಂಪಗಳ ಪಾಠದಲ್ಲಿ ಕಾರವಾರಕ್ಕೆ ಹೊಂದುವುದೆಷ್ಟು?

ಕಾಳಿ ನದಿಯ ಅಳಿವೆಯ ಬಳಿ ಮೀನುಗಾರಿಕಾ ಧಕ್ಕೆ ಇದೆ ಎಂದುಕೊಳ್ಳಿ. ಐದು ಮೀಟರ್ ಎತ್ತರದ ಧಕ್ಕೆ ಗೋಡೆ, ಅದರ ಹಿಂದೆ ಹೂಳೆತ್ತಿ ಸುರಿದ ಉಸುಕಿನ ಅಂಗಳ. ಆ ಅಂಗಳದ ಮೇಲೆ ಎರಡಂತಸ್ತಿನ ಕಟ್ಟಡ ಬರಬೇಕು: ಕೆಳಗೆ ಹರಾಜು ಕಟ್ಟೆ ಮತ್ತು ಐಸ್ ಪ್ಲಾಂಟ್, ಮೇಲೆ ಕಚೇರಿ. ಕಟ್ಟಡದ ಅಳತೆ 20 × 30 ಮೀಟರ್. ಬೋಟ್‌ಗೆ ಐಸ್ ತುಂಬಲು ಹತ್ತಿರವಾಗಲಿ ಎಂದು ಮೊದಲ ನಕ್ಷೆಯಲ್ಲಿ ಅದನ್ನು ಗೋಡೆಯಿಂದ 12 ಮೀಟರ್ ದೂರದಲ್ಲಿ ಇಡಲಾಗಿದೆ. ಇದು ಯಾವುದೋ ಒಂದು ಧಕ್ಕೆಯ ವರದಿಯಲ್ಲ. ಅಳಿವೆಯಂಚಿನ ಭರ್ತಿ ನೆಲದಲ್ಲಿ ಎದುರಾಗಬಹುದಾದ ಪದರಗಳನ್ನು ಜೋಡಿಸಿ, ಲೆಕ್ಕ ಮಾಡಿ ತೋರಿಸಲು ಕಟ್ಟಿದ ಮಾದರಿ ಪ್ರಕರಣ. ಬೋರ್‌ಹೋಲ್ ಸಂಖ್ಯೆಗಳು ನಾವು ಹಿಡಿದುಕೊಂಡವು; ವಿಧಾನ, ಸೂತ್ರ, ಹೊರದೇಶದ ಘಟನೆಗಳು ನಿಜವಾದವು.

ಕಾರವಾರದಲ್ಲಿ ಭೂಕಂಪದ ಮಾತೆತ್ತಿದರೆ ಕೇಳುವವರು ಕಡಿಮೆ. ಇಲ್ಲಿನವರ ಕಣ್ಣ ಮುಂದಿರುವುದು 2024ರ ಜುಲೈ 16ರಂದು ಶಿರೂರಿನಲ್ಲಿ ಜರಿದ ಗುಡ್ಡ, ಅದೇ ಆಗಸ್ಟ್ 7ರಂದು ಬಿದ್ದ ಕಾಳಿಯ ಹಳೆ ಸೇತುವೆ. ಎರಡಕ್ಕೂ ಭೂಕಂಪ ಕಾರಣವಲ್ಲ. ಆದರೆ ಕಟ್ಟಡಗಳ ಭೂಕಂಪ ವಿನ್ಯಾಸದ ಭಾರತೀಯ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ಕಾರವಾರ ಮೂರನೇ ಭೂಕಂಪ ವಲಯದಲ್ಲಿದೆ, ವಲಯದ ಗುಣಾಂಕ 0.16. ಉತ್ತರಕ್ಕೆ ಸುಮಾರು 290 ಕಿ.ಮೀ. ದೂರದ ಕೊಯ್ನಾದಲ್ಲಿ 1967ರ ಡಿಸೆಂಬರ್‌ನಲ್ಲಿ 6.3ರ ಭೂಕಂಪವಾಗಿತ್ತು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ನಡುಗಿದಾಗ ಅದರ ಮ್ಯಾಗ್ನಿಟ್ಯೂಡ್ 6.2. ದಕ್ಖನ್ನಿನ ಗಟ್ಟಿ ನೆಲ ಎಂಬ ಭರವಸೆ ಅಲ್ಲಿಗೆ ಮುಗಿದಿತ್ತು. ಹಾಗಾಗಿ ಈ ಅಂಗಳಕ್ಕೆ 6.5ರ ಭೂಕಂಪ, 0.16 ಜಿ (ಗುರುತ್ವದ ಶೇ. 16) ವೇಗೋತ್ಕರ್ಷ ಹಿಡಿದು ಲೆಕ್ಕ ಹಾಕಿದ್ದೇವೆ. ಐಸ್ ಪ್ಲಾಂಟ್‌ನಲ್ಲಿ ಅಮೋನಿಯಾ ಇರುತ್ತದೆ. ಗೋಡೆ ಬಿರುಕು ಬಿಟ್ಟರೆ ಗಾರೆ ಹಚ್ಚಬಹುದು. ಅಮೋನಿಯಾ ಪೈಪು ಹರಿದರೆ ಹರಾಜು ಕಟ್ಟೆಯಲ್ಲಿ ನಿಂತವರು ಓಡಲು ದಾರಿ ಹುಡುಕಬೇಕಾಗುತ್ತದೆ.

ನೆಲದ ಪದರಗಳು ಹೀಗಿವೆ. ಮೇಲಿನ 5.5 ಮೀಟರ್ ಹೂಳೆತ್ತಿದ ಉಸುಕಿನ ಭರ್ತಿ, 75 ಮೈಕ್ರಾನ್ ಜರಡಿ ದಾಟುವ ನುಣ್ಣನೆ ಕಣ ಶೇ. 5ಕ್ಕಿಂತ ಕಡಿಮೆ. ಅದರ ಕೆಳಗೆ 10 ಮೀಟರ್‌ವರೆಗೆ ನದಿಯೇ ತಂದು ಹಾಕಿದ ಮೂಲ ಉಸುಕು, ಅದರಲ್ಲಿ ನುಣ್ಣನೆ ಕಣ ಶೇ. 15. ಹತ್ತರಿಂದ 14 ಮೀಟರ್ ಮೆತ್ತನೆಯ ಕಡಲ ಜೇಡಿ. ಆಮೇಲೆ ಶಿಥಿಲ ಬಂಡೆ. ಬೋರ್ ಹಾಕಿದ್ದು ಮೇ ತಿಂಗಳಲ್ಲಿ, ಆಗ ನೀರು ಸಿಕ್ಕಿದ್ದು 1.5 ಮೀಟರ್ ಆಳದಲ್ಲಿ. ಮಳೆಗಾಲದ ಭರತದ ವೇಳೆ ಅದು ಅರ್ಧ ಮೀಟರ್‌ಗೆ ಏರುತ್ತದೆ. ಈ ಒಂದು ಮೀಟರ್ ವ್ಯತ್ಯಾಸಕ್ಕೆ ಮುಂದೆ ಮತ್ತೆ ಬರುತ್ತೇವೆ.

ಯಾರ ಪಾಠ, ಯಾವ ನೆಲಕ್ಕೆ

ನೀರು ತುಂಬಿದ ಸಡಿಲ ಉಸುಕು ನಡುಗಿದಾಗ ಕಣಗಳು ಒತ್ತಾಗಲು ನೋಡುತ್ತವೆ. ನೀರಿಗೆ ಅಷ್ಟು ಬೇಗ ಹೊರಹೋಗಲು ಆಗದೆ ಒತ್ತಡ ಏರುತ್ತದೆ, ಕಣಕ್ಕೂ ಕಣಕ್ಕೂ ನಡುವಿನ ಹಿಡಿತ ತಪ್ಪುತ್ತದೆ. ಇದೇ ದ್ರವೀಕರಣ. 1964ರಲ್ಲಿ ಮಾರ್ಚ್ 27ರ ಅಲಾಸ್ಕ ಭೂಕಂಪ ಮತ್ತು ಜೂನ್ 16ರ ಜಪಾನಿನ ನಿಗಾಟ ಭೂಕಂಪ ಇದನ್ನು ಎಂಜಿನಿಯರುಗಳ ಮುಂದೆ ತಂದು ನಿಲ್ಲಿಸಿದವು. ನಿಗಾಟದ ಕವಾಗಿಶಿ-ಚೋದಲ್ಲಿ ವಸತಿ ಕಟ್ಟಡಗಳು ಒಡೆಯದೆ, ಇಡಿಯಾಗಿ ಮಗುಚಿ ಮಲಗಿದ್ದವು. ಸೀಡ್ ಮತ್ತು ಇದ್ರಿಸ್ 1971ರಲ್ಲಿ ಕೊಟ್ಟ ಸರಳ ವಿಧಾನ ಹುಟ್ಟಿದ್ದು ಇಂಥ ಜಾಗಗಳ ಬೋರ್‌ಹೋಲ್‌ಗಳಿಂದ. 1996 ಮತ್ತು 1998ರ ಕಾರ್ಯಾಗಾರಗಳಲ್ಲಿ ತಜ್ಞರು ಒಟ್ಟಿಗೆ ಕೂತು ಅದನ್ನು ತಿದ್ದಿದರು, 2001ರಲ್ಲಿ ಆ ತಿದ್ದುಪಡಿ ಪ್ರಕಟವಾಯಿತು. ನಮ್ಮ ಐಎಸ್ 1893ರ 2016ರ ಆವೃತ್ತಿಯ ಅನುಬಂಧದಲ್ಲಿರುವ ಲೆಕ್ಕವೂ ಅದೇ ವಂಶದ್ದು. ಅಂದರೆ ಕಾರವಾರದ ಗುತ್ತಿಗೆದಾರ ಒಂದು ಎನ್-ಸಂಖ್ಯೆ (ಬೋರ್‌ಹೋಲ್ ತಳದಲ್ಲಿ ಕೊಳವೆ ಇಳಿಸಲು ಬೇಕಾದ ಸುತ್ತಿಗೆ ಪೆಟ್ಟುಗಳ ಎಣಿಕೆ) ಬರೆದುಕೊಡುವಾಗ ಜಪಾನ್, ಚೀನಾ, ಕ್ಯಾಲಿಫೋರ್ನಿಯಾಗಳ ನೆಲದ ಜೊತೆ ಅದನ್ನು ಹೋಲಿಸಿ ನೋಡಲಾಗುತ್ತದೆ.

ಅಂತರರಾಷ್ಟ್ರೀಯ ಸಹಕಾರ ಎಂದಾಗ ನೆನಪಾಗುವುದು ಸಮ್ಮೇಳನ, ಒಪ್ಪಂದ. ಈ ಕ್ಷೇತ್ರದಲ್ಲಿ ಅದರ ತಿರುಳು ಬೇರೆ: ಭೂಕಂಪವಾದ ಕೆಲವೇ ದಿನದಲ್ಲಿ ಸ್ಥಳೀಯ ಎಂಜಿನಿಯರುಗಳ ಜೊತೆ ಹೊರಗಿನವರೂ ನೆಲ ಅಳೆದು, ಆಮೇಲೆ ಅದೇ ಜಾಗದಲ್ಲಿ ಬೋರ್ ಹಾಕಿ, ಬಂದದ್ದನ್ನು ಎಲ್ಲರಿಗೂ ಬಿಟ್ಟುಕೊಡುವುದು. ಅಮೆರಿಕದ ಜೀರ್ ಎಂಬ ನೆಲತಜ್ಞರ ತಂಡಗಳು ಮಾಡುವುದು ಇದನ್ನೇ. 1995ರ ಕೋಬೆ ಭೂಕಂಪದ ನಂತರ ಜಪಾನ್ ದೇಶದುದ್ದಕ್ಕೂ ಸುಮಾರು ಸಾವಿರ ಕೇಂದ್ರಗಳ ಕೆ-ನೆಟ್ ಕಂಪನಮಾಪಕ ಜಾಲ ಹಾಕಿ ಅದರ ದಾಖಲೆಯನ್ನು ಜಗತ್ತಿಗೆ ತೆರೆದಿಟ್ಟಿತು. ಕ್ರೈಸ್ಟ್‌ಚರ್ಚ್ ಭೂಕಂಪಗಳ ಬಳಿಕ ನ್ಯೂಜಿಲೆಂಡ್ ಸಾವಿರಾರು ನೆಲ ಪರೀಕ್ಷೆಗಳನ್ನು ಒಂದೇ ದತ್ತಸಂಚಯದಲ್ಲಿ ಸೇರಿಸಿತು. ಭಾರತದಲ್ಲಿ ಕಾನ್ಪುರ ಐಐಟಿಯ ಭೂಕಂಪ ಎಂಜಿನಿಯರಿಂಗ್ ಮಾಹಿತಿ ಕೇಂದ್ರ ಇಂಥ ಸಾಹಿತ್ಯವನ್ನು ಹಂಚುತ್ತ ಬಂದಿದೆ.

ತರಿಸಿಕೊಳ್ಳುವಾಗ ಎಡವುವುದು ಇಲ್ಲೇ. ಪಾಠದ ಕೊನೆಯ ವಾಕ್ಯವನ್ನಷ್ಟೇ ತಂದು, ಅದು ಯಾವ ಮಣ್ಣಿನಲ್ಲಿ, ಎಷ್ಟು ಹೊತ್ತಿನ ನಡುಕದಲ್ಲಿ, ನೀರು ಎಷ್ಟು ಮೇಲಿದ್ದಾಗ ಬಂದ ಪಾಠ ಎಂಬುದನ್ನು ಅಲ್ಲೇ ಬಿಟ್ಟು ಬರುತ್ತೇವೆ. ಈ ಅಂಗಳಕ್ಕಾಗಿ ನಾವು ಆರು ಘಟನೆಗಳನ್ನು ಎದುರಿಗಿಟ್ಟುಕೊಂಡೆವು.

ಮೊದಲನೆಯದು ಕೋಬೆ, 1995ರ ಜನವರಿ 17, ಮ್ಯಾಗ್ನಿಟ್ಯೂಡ್ 6.9. ಪೋರ್ಟ್ ಐಲ್ಯಾಂಡ್, ರೊಕ್ಕೊ ಐಲ್ಯಾಂಡ್ ಎರಡೂ ಸಮುದ್ರಕ್ಕೆ ಮಣ್ಣು ಸುರಿದು ಕಟ್ಟಿದ ದ್ವೀಪಗಳು. ಸುರಿದದ್ದು ಮಸಾಡೊ, ಅಂದರೆ ಶಿಥಿಲ ಗ್ರಾನೈಟ್. ಕಲ್ಲುಹರಳು, ಉಸುಕು, ನುಣ್ಣನೆ ಪುಡಿ ಎಲ್ಲ ಕಲೆತ ಮಣ್ಣು. ಇಂಥದ್ದು ದ್ರವೀಕರಣವಾಗುವುದಿಲ್ಲ ಎಂಬ ನಂಬಿಕೆ ಅಲ್ಲಿ ಮುರಿಯಿತು. ಬಂದರಿನ ಧಕ್ಕೆ ಗೋಡೆಗಳು ಸರಾಸರಿ 3 ಮೀಟರ್, ಕೆಲವೆಡೆ 5 ಮೀಟರ್‌ವರೆಗೆ ಸಮುದ್ರದ ಕಡೆ ಸರಿದು, 1ರಿಂದ 2 ಮೀಟರ್ ಕುಸಿದವು. ಗೋಡೆಯ ಹಿಂದಿನ ಭರ್ತಿ ಮಾತ್ರವಲ್ಲ, ಗೋಡೆಯ ಬುಡದಲ್ಲಿ ಜೇಡಿ ತೆಗೆದು ತುಂಬಿದ್ದ ಮಣ್ಣೂ ಮೆತ್ತಗಾಗಿತ್ತು. ಇದು ಕಾರವಾರಕ್ಕೆ ನೇರವಾಗಿ ಹೊಂದುವ ಪಾಠ. ನಮ್ಮಲ್ಲಿ ಚಿರೆಕಲ್ಲಿನ ಮೊರಂ ಸುರಿದರೆ ಸಾಕು, ನೆಲ ಗಟ್ಟಿ ಎನ್ನುವ ಮಾತಿದೆ. ರೋಲರ್ ಹೊಡೆದು ನೀರಿನ ಮಟ್ಟದ ಮೇಲೆ ಹಾಕಿದ ಮೊರಂ ಗಟ್ಟಿಯೇ. ನೀರಿನೊಳಕ್ಕೆ ಟಿಪ್ಪರ್‌ನಿಂದ ಸುರಿದ ಮೊರಂಗೆ ಆ ಮಾತು ಸಲ್ಲದು. 2016ರ ಕೈಕೌರಾ ಭೂಕಂಪದಲ್ಲಿ ವೆಲಿಂಗ್ಟನ್ ಬಂದರಿನ ಕಲ್ಲುಹರಳಿನ ಭರ್ತಿಯೂ ದ್ರವೀಕರಣಕ್ಕೆ ಒಳಗಾಯಿತು.

ಎರಡನೆಯದು ಉರಾಯಾಸು, ಟೋಕಿಯೊ ಕೊಲ್ಲಿಯ ಭರ್ತಿ ನೆಲ. 2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ ಅಲ್ಲಿನ ವೇಗೋತ್ಕರ್ಷ ಹೆಚ್ಚೇನೂ ಇರಲಿಲ್ಲ. ನಮ್ಮ ಮೂರನೇ ವಲಯದ 0.16ರ ಆಸುಪಾಸಿನದೇ. ಆದರೂ ನೆಲ ಕುಸಿಯಿತು, ಒಳಚರಂಡಿಯ ಮ್ಯಾನ್‌ಹೋಲ್‌ಗಳು ಮೇಲೆ ತೇಲಿದವು. ಇದನ್ನು ಓದಿ, ನಮ್ಮಲ್ಲೂ ಹೀಗೇ ಆಗುತ್ತದೆ ಎಂದು ಬರೆಯುವುದು ಸುಲಭ. ಅಲ್ಲಿ ಮ್ಯಾಗ್ನಿಟ್ಯೂಡ್ 9, ನಡುಕ ನಿಮಿಷಗಟ್ಟಲೆ ಎಳೆಯಿತು. 6.5ರ ಭೂಕಂಪದಲ್ಲಿ ಜೋರಾದ ನಡುಕ ಕೆಲವೇ ಸೆಕೆಂಡು. ಹಾಗಾಗಿ ಉರಾಯಾಸುವಿನ ಹಾನಿಯ ಪ್ರಮಾಣ ನಮಗೆ ಬೇಡ. ಬೇಕಾದ್ದು ಇನ್ನೊಂದು ಸಂಗತಿ: ಅದೇ ಊರಿನಲ್ಲಿ, ಅದೇ ಭರ್ತಿಯ ಮೇಲೆ, ಮೊದಲೇ ಉಸುಕಿನ ಕಂಬ ಇಳಿಸಿ ಒತ್ತಾಗಿಸಿದ್ದ ಜಾಗಗಳು ಉಳಿದುಕೊಂಡವು.

ಟರ್ಕಿಯ ಅಡಾಪಜಾರಿಯಿಂದ (1999ರ ಆಗಸ್ಟ್ 17) ಬಂದದ್ದು ಪ್ರಯೋಗಾಲಯದ ಪಾಠ. ಹೈಚೆಂಗ್ ಮತ್ತು ತಾಂಗ್‌ಶಾನ್ ಭೂಕಂಪಗಳ ನಂತರ ಚೀನಾದಿಂದ ಬಂದ ಮಾನದಂಡವೊಂದಿತ್ತು: ಜೇಡಿಯ ಅಂಶ ಇಷ್ಟು ದಾಟಿದರೆ ದ್ರವೀಕರಣದ ಚಿಂತೆ ಬೇಡ. ಆ ಮಾನದಂಡ ಸುರಕ್ಷಿತ ಎಂದಿದ್ದ ನುಣ್ಣನೆ ಮಣ್ಣಿನಲ್ಲೇ ಅಡಾಪಜಾರಿಯ ಕಟ್ಟಡಗಳು ಹೂತು, ವಾಲಿದವು. ಟರ್ಕಿ ಮತ್ತು ಅಮೆರಿಕದವರು ಸೇರಿ ತೆಗೆದ ಮಾದರಿಗಳಿಂದ ತೀರ್ಮಾನ ಬದಲಾಯಿತು. ಜೇಡಿ ಕಣದ ಶೇಕಡಾವಾರು ನೋಡುವುದು ಬಿಟ್ಟು ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣು ಎಷ್ಟು ತೇವಾಂಶದ ಅಂತರದಲ್ಲಿ ಕಣಕದಂತೆ ಇರುತ್ತದೆ ಎಂಬ ಅಳತೆ) ನೋಡಬೇಕು. ಅದು 12ಕ್ಕಿಂತ ಕಡಿಮೆ ಇದ್ದು, ಮಣ್ಣಿನ ತೇವಾಂಶ ಲಿಕ್ವಿಡ್ ಲಿಮಿಟ್‌ನ (ಮಣ್ಣು ಹರಿಯಲು ತೊಡಗುವ ತೇವಾಂಶದ) ಶೇ. 85 ದಾಟಿದ್ದರೆ ಅನುಮಾನಿಸಬೇಕು. ಕರಾವಳಿಯಲ್ಲಿ ಚಿರೆಕಲ್ಲಿನ ಅಡಿಗೆ ಸಿಗುವ ನುಣ್ಣನೆಯ ಶೇಡಿ ಮಣ್ಣಿಗೆ ಈ ಎರಡು ಪರೀಕ್ಷೆ ತಪ್ಪಿಸಬಾರದು. ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿ ನೀರು ಕುಡಿದರೆ ಕೈಯಲ್ಲೇ ಕರಗುತ್ತದೆ, ಬೇಸಿಗೆಯಲ್ಲಿ ತೆಗೆದ ಎನ್-ಸಂಖ್ಯೆ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾಂಡ್ಲಾ ನಮ್ಮದೇ ದೇಶದ್ದು. 2001ರ ಭುಜ್ ಭೂಕಂಪದಲ್ಲಿ ಅಲ್ಲಿನ ಬಂದರು ಮತ್ತು ಸುಂಕ ಕಚೇರಿಯ 22 ಮೀಟರ್ ಎತ್ತರದ ಗೋಪುರ ವಾಲಿತು. ಅದರ ಅಡಿಯಲ್ಲಿ ತಲಾ 18 ಮೀಟರ್‌ನ 32 ಪೈಲ್‌ಗಳಿದ್ದವು, ಅಂದರೆ ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳು. ಮೇಲೆ ಜೇಡಿ, ಕೆಳಗೆ ಉಸುಕು. ಪೈಲಿನ ತುದಿ ನಿಂತದ್ದು ದ್ರವೀಕರಣವಾದ ಆ ಉಸುಕಿನಲ್ಲೇ. ಪೈಲ್ ಹಾಕಿದ್ದೇವೆ ಎಂಬುದು ಉತ್ತರವಲ್ಲ, ತುದಿ ಎಲ್ಲಿ ನಿಂತಿದೆ ಎಂದು ಹೇಳಬೇಕು.

ಇಂಡೊನೇಷ್ಯಾದ ಪಾಲು (2018) ನಮ್ಮ ಪಟ್ಟಿಯಿಂದ ಬೇಗ ಹೊರಬಿತ್ತು. ಅಲ್ಲಿ ಊರುಗಳೇ ಹರಿದುಹೋದದ್ದು ಇಳಿಜಾರು ನೆಲದಲ್ಲಿ, ಮೇಲಿನ ನೀರಾವರಿ ಕಾಲುವೆಯ ನೀರು ಬಸಿದು ಅಂತರ್ಜಲ ಏರಿದ್ದ ಕಡೆ. ನಮ್ಮ ಅಂಗಳ ಸಪಾಟು.

ಮೆಕ್ಸಿಕೊ ನಗರ (1985) ಹಾಗಲ್ಲ, ಅದು ತಲೆಕೆಳಗಾಗಿ ಹೊಂದಿತು. 350 ಕಿ.ಮೀ.ಗೂ ದೂರದ ಭೂಕಂಪವನ್ನು ಅಲ್ಲಿನ ಕೆರೆತಳದ ಜೇಡಿ ಹಿಗ್ಗಿಸಿ, ಎರಡು ಸೆಕೆಂಡಿನ ಆಸುಪಾಸಿನ ತೂಗಾಟವಾಗಿ ಮಾಡಿತು. ಹೆಚ್ಚು ಪೆಟ್ಟು ತಿಂದದ್ದು ಮಧ್ಯಮ ಎತ್ತರದ ಕಟ್ಟಡಗಳು. ಮೆತ್ತನೆ ನೆಲ ಎತ್ತರದ ಕಟ್ಟಡಕ್ಕೆ ಕೆಟ್ಟದ್ದು, ಗಿಡ್ಡ ಕಟ್ಟಡಕ್ಕೆ ಪರವಾಗಿಲ್ಲ ಎಂಬ ಮಾತು ಅಲ್ಲಿಂದ ಹರಡಿತು. ನಮ್ಮ ಅಂಗಳದಲ್ಲಿ ಬಂಡೆಯ ಮೇಲಿನ ಮಣ್ಣು ಬರೀ 14 ಮೀಟರ್. ಅದರಲ್ಲಿ ಅಡ್ಡ ಅಲೆಯ ವೇಗ ಸೆಕೆಂಡಿಗೆ 150 ಮೀಟರ್ ಎಂದರೆ ನೆಲದ ಆವರ್ತ (ಒಂದು ಸಲ ತೂಗಿ ಬರಲು ಹಿಡಿಯುವ ಹೊತ್ತು) 4 × 14 ÷ 150, ಅಂದರೆ 0.37 ಸೆಕೆಂಡು. ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ಸಂಹಿತೆಯ ಸೂತ್ರ ಕೊಡುವುದು 0.36 ಸೆಕೆಂಡು. ಎರಡೂ ಒಂದೇ ತಾಳಕ್ಕೆ ಬಂದವು. ಈ ಅಂಗಳದಲ್ಲಿ ನೆಲದ ಜೊತೆ ತೂಗುವುದು ಗಿಡ್ಡ ಕಟ್ಟಡವೇ. ನೆಲಮಹಡಿಯನ್ನು ಗೋಡೆಯಿಲ್ಲದೆ ಕಂಬಗಳ ಮೇಲೆ ಬಿಟ್ಟ ಹರಾಜು ಕಟ್ಟೆಗೆ ಇದು ಒಳ್ಳೆಯ ಸುದ್ದಿಯಲ್ಲ.

ಲೆಕ್ಕ

ಮೂರು ಮೀಟರ್ ಆಳದ ಭರ್ತಿಯಲ್ಲಿ ಎನ್ 5, ಆರು ಮೀಟರ್‌ನ ಮೂಲ ಉಸುಕಿನಲ್ಲಿ 8, ಒಂಬತ್ತು ಮೀಟರ್‌ನಲ್ಲಿ 14. ಐಎಸ್ 2131ರ ಪ್ರಕಾರ 63.5 ಕೆ.ಜಿ. ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬೀಳಬೇಕು, ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ.ಗೆ ಬಿದ್ದ ಪೆಟ್ಟುಗಳ ಎಣಿಕೆ ಈ ಎನ್.

ಮಣ್ಣಿನ ತೂಕ ನೀರಿನ ಮೇಲೆ ಘನ ಮೀಟರ್‌ಗೆ 17 ಕಿಲೋನ್ಯೂಟನ್, ನೀರಿನ ಕೆಳಗೆ 19. ಮೇ ತಿಂಗಳ ನೀರಿನ ಮಟ್ಟಕ್ಕೆ ಮೂರು ಮೀಟರ್‌ನಲ್ಲಿ ಒಟ್ಟು ಒತ್ತಡ ಚದರ ಮೀಟರ್‌ಗೆ 54 ಕಿಲೋನ್ಯೂಟನ್, ನೀರಿನ ಪಾಲು ಕಳೆದು ಕಣಗಳ ನಡುವಿನ ಒತ್ತಡ 39.3. ಭೂಕಂಪ ಹೇರುವ ಹೊರೆಯ ಅನುಪಾತ:

0.65 × 0.16 × (54 ÷ 39.3) × 0.977 = 0.14

ಕೊನೆಯ 0.977 ಆಳಕ್ಕೆ ತಕ್ಕ ಇಳಿಕೆ, ಒಂಬತ್ತು ಮೀಟರ್‌ವರೆಗೆ 1 − 0.00765 × ಆಳ.

ಇನ್ನು ಮಣ್ಣಿನ ತಾಳಿಕೆ. ಐದನ್ನು 100 ಕಿಲೋನ್ಯೂಟನ್‌ನ ಒತ್ತಡಕ್ಕೆ ತಂದರೆ 1.595ರ ಗುಣಕ, ರಾಡಿನ ಉದ್ದಕ್ಕೆ 0.85, 150 ಮಿ.ಮೀ. ಬೋರ್‌ಹೋಲ್‌ಗೆ 1.05. ತಿದ್ದಿದ ಎನ್ 7.1. 2001ರ ಸೂತ್ರದ ಪ್ರಕಾರ 7.5ರ ಭೂಕಂಪಕ್ಕೆ ಇದರ ತಾಳಿಕೆ 0.0885. ನಮ್ಮದು 6.5, ನಡುಕದ ಸುತ್ತುಗಳು ಕಡಿಮೆ, ಆದ್ದರಿಂದ 1.44ರಿಂದ ಗುಣಿಸಿದರೆ 0.128. ಸುರಕ್ಷತಾ ಗುಣಾಂಕ 0.128 ÷ 0.14, ಅಂದರೆ 0.91. ಒಂದಕ್ಕಿಂತ ಕಡಿಮೆ, ಭರ್ತಿ ಸೋಲುತ್ತದೆ. ಇದೇ ಲೆಕ್ಕ ಆರು ಮೀಟರ್‌ಗೆ 1.21, ಒಂಬತ್ತಕ್ಕೆ 1.64.

ಈಗ ಮಳೆಗಾಲ. ನೀರು ಅರ್ಧ ಮೀಟರ್‌ಗೆ ಏರಿದರೆ ಮೂರು ಮೀಟರ್‌ನಲ್ಲಿ ಕಣಗಳ ನಡುವಿನ ಒತ್ತಡ 31.5ಕ್ಕೆ ಇಳಿಯುತ್ತದೆ, ಹೊರೆಯ ಅನುಪಾತ 0.18ಕ್ಕೆ ಏರುತ್ತದೆ, ಸುರಕ್ಷತಾ ಗುಣಾಂಕ 0.71. ಆರು ಮೀಟರ್‌ನ 1.21 ಕೂಡ 1.05ಕ್ಕೆ ಬಂದು ಅಂಚಿನಲ್ಲಿ ನಿಲ್ಲುತ್ತದೆ. ಇಲ್ಲೊಂದು ತಪ್ಪು ಪದೇ ಪದೇ ನುಸುಳುತ್ತದೆ. ಎನ್ ತಿದ್ದುವಾಗ ಪರೀಕ್ಷೆ ನಡೆದ ದಿನದ ಒತ್ತಡ ಹಿಡಿಯಬೇಕು, ಭೂಕಂಪದ ಹೊರೆಗೆ ಮಳೆಗಾಲದ ಒತ್ತಡ. ಕಂಪ್ಯೂಟರ್ ಹಾಳೆಯಲ್ಲಿ ನೀರಿನ ಮಟ್ಟಕ್ಕೆ ಒಂದೇ ಮನೆ ಇಟ್ಟು 1.5 ಬದಲು 0.5 ಹಾಕಿದರೆ ತಿದ್ದಿದ ಎನ್ ಕೂಡ ತಂತಾನೇ ಏರಿಬಿಡುತ್ತದೆ. ಮಳೆ ಬಂದಿದ್ದಕ್ಕೆ ಉಸುಕು ಗಟ್ಟಿಯಾಯಿತು ಎಂದ ಹಾಗೆ. ಆ ಹಾಳೆಗೆ ನೀರಿನ ಎರಡು ಮನೆ ಇರಲೇಬೇಕು.

ಇದೇ ನೆಲವನ್ನು 7.5ರ ಭೂಕಂಪಕ್ಕೆ ನೋಡಿದರೆ ಮಳೆಗಾಲದಲ್ಲಿ ಭರ್ತಿಯ ಗುಣಾಂಕ 0.49, ಆರು ಮೀಟರ್‌ನ ಮೂಲ ಉಸುಕಿನದು 0.73. ಅಂದರೆ ಉರಾಯಾಸುವಿನಂಥ ಉದ್ದನೆಯ ನಡುಕವನ್ನು ಹಾಗೇ ತಂದಿಟ್ಟರೆ ನದಿ ಹಾಕಿದ ಉಸುಕನ್ನೂ ಬಲಪಡಿಸಲು ಹೊರಡಬೇಕಾಗುತ್ತಿತ್ತು, ಕೆಲಸ ಹತ್ತು ಮೀಟರ್ ಆಳಕ್ಕೆ ಇಳಿಯುತ್ತಿತ್ತು. ಈ ಅಂಗಳದ ದೋಷ ಮನುಷ್ಯ ಸುರಿದ ಐದೂವರೆ ಮೀಟರ್‌ನಲ್ಲಿದೆ. ಹಣ ಅಲ್ಲಿಗೇ ಹೋಗಬೇಕು.

ಎನ್-ಸಂಖ್ಯೆ ಎಲ್ಲಿ ಕೆಡುತ್ತದೆ

ಮೇಲಿನ ಲೆಕ್ಕವೆಲ್ಲ ನಿಂತಿರುವುದು ಐದು ಎಂಬ ಒಂದು ಅಂಕಿಯ ಮೇಲೆ. ಅಂತರರಾಷ್ಟ್ರೀಯ ಸೂತ್ರದಲ್ಲಿ ಎನ್ ಎಂದರೆ ಸುತ್ತಿಗೆಯ ಶಕ್ತಿಯ ಶೇ. 60 ರಾಡಿಗೆ ಮುಟ್ಟಿದಾಗಿನ ಎನ್. ಹಗ್ಗ ಸುತ್ತಿ ಎಳೆದು ಬಿಡುವ ನಮ್ಮ ರಿಗ್‌ಗಳಲ್ಲಿ ಹಗ್ಗ ಹಳೆಯದೋ ಒದ್ದೆಯೋ, ರಾಟೆಗೆ ಎಷ್ಟು ಸುತ್ತು ಹಾಕಿದ್ದಾರೆ, ಎಳೆಯುವವನು ಸಂಜೆ ಹೊತ್ತಿಗೆ ದಣಿದು 75 ಸೆಂ.ಮೀ. ಎತ್ತುತ್ತಾನೋ 60ಕ್ಕೇ ಬಿಡುತ್ತಾನೋ, ಎಲ್ಲವೂ ಎಣಿಕೆಯಲ್ಲಿ ಸೇರುತ್ತವೆ. ಶಕ್ತಿ ಶೇ. 45 ಮಾತ್ರ ಮುಟ್ಟಿದ್ದರೆ ನಮ್ಮ 0.71 ಇಳಿದು 0.59 ಆಗುತ್ತದೆ. ಶಕ್ತಿ ಅಳೆಯುವ ಉಪಕರಣ ತರಿಸಲು ಆಗದಿದ್ದರೆ ಕನಿಷ್ಠ ರಾಡಿನ ಮೇಲೆ 75 ಸೆಂ.ಮೀ.ಗೆ ಬಣ್ಣದ ಗುರುತು ಹಾಕಿಸಿ, ಹಗ್ಗದ ಸುತ್ತನ್ನು ಬರೆದುಕೊಳ್ಳಬೇಕು.

ಅಳಿವೆಯಲ್ಲಿ ಇನ್ನೊಂದು ತೊಂದರೆ ಭರತ-ಇಳಿತದ್ದು. ಕೇಸಿಂಗ್ (ಬೋರ್‌ಹೋಲ್ ಕುಸಿಯದಂತೆ ಇಳಿಸಿದ ಕೊಳವೆ) ಒಳಗಿನ ನೀರು ಹೊರಗಿನ ಮಟ್ಟಕ್ಕಿಂತ ಕೆಳಗಿದ್ದರೆ ಬೋರ್‌ಹೋಲ್‌ನ ತಳದಿಂದ ಉಸುಕು ಉಕ್ಕಿ ಬಂದು ಸಡಿಲಾಗುತ್ತದೆ, ಎನ್ ಸುಳ್ಳಾಗಿ ಇಳಿಯುತ್ತದೆ. ರಾಡನ್ನು ಅವಸರದಿಂದ ಎಳೆದರೂ ಇದೇ ಕಥೆ. ಒಳಗಿನ ನೀರು ಅಥವಾ ಬೆಂಟೋನೈಟ್ ಜೇಡಿಯ ರಾಡಿ ಯಾವಾಗಲೂ ಹೊರಗಿನದಕ್ಕಿಂತ ಮೇಲಿರಬೇಕು, ಪ್ರತಿ ಪರೀಕ್ಷೆಗೆ ಮುಂಚೆ ತಳದ ಆಳ ಅಳೆಯಬೇಕು. ಭರ್ತಿಯಲ್ಲಿ ಚಿರೆಕಲ್ಲಿನ ತುಂಡು ಇದ್ದರೆ ಇದರ ತದ್ವಿರುದ್ಧ: ಪೆಟ್ಟಿಗೆ ನೆಲಕ್ಕಿಳಿಯುವ ಮಾದರಿ ಕೊಳವೆಯ (ಸ್ಪೂನ್) ಒಳವ್ಯಾಸ 35 ಮಿ.ಮೀ., ಅದಕ್ಕಿಂತ ದೊಡ್ಡ ಕಲ್ಲು ಬಾಯಿಗೆ ಸಿಕ್ಕರೆ ಎನ್ 5 ಇರುವಲ್ಲಿ 25 ಬರೆದುಬಿಡುತ್ತಾರೆ. ಹಾಗಾಗಿ 30 ಸೆಂ.ಮೀ.ಗೆ ಒಂದೇ ಮೊತ್ತ ಬೇಡ, ಪ್ರತಿ 2.5 ಸೆಂ.ಮೀ.ಗೆ ಪೆಟ್ಟು ಬರೆಸಬೇಕು. ಕಲ್ಲು ಸಿಕ್ಕ ಕಡೆ ಎಣಿಕೆ ಒಮ್ಮೆಲೇ ಜಿಗಿಯುತ್ತದೆ, ಅದನ್ನು ಬಿಟ್ಟು ಲೆಕ್ಕ ಮಾಡಬಹುದು.

ತೀರ್ಮಾನ

ಪೈಲ್ ಮೇಲೆ ಕಟ್ಟಬಹುದಿತ್ತು. ಕಾಂಡ್ಲಾದ ತಪ್ಪು ಬೇಡವೆಂದರೆ 14 ಮೀಟರ್ ದಾಟಿ ಶಿಥಿಲ ಬಂಡೆಗೆ ಇಳಿಯಬೇಕು; ಭರ್ತಿ ಸರಿದರೆ ಪೈಲಿಗೆ ಬೀಳುವ ಅಡ್ಡ ಒತ್ತಡಕ್ಕೂ, ಉಸುಕು ಮುಗಿದು ಜೇಡಿ ಶುರುವಾಗುವ ಕಡೆ ಬರುವ ಬಾಗುವಿಕೆಗೂ ಕಬ್ಬಿಣ ಕೊಡಬೇಕು. ಅಷ್ಟಾದರೂ ಅಂಗಳ ಕುಸಿಯುವುದು ನಿಲ್ಲುವುದಿಲ್ಲ. ಕಟ್ಟಡ ನಿಂತು ಸುತ್ತಲ ನೆಲ ಇಳಿದರೆ ಅಮೋನಿಯಾ, ನೀರು, ಡೀಸೆಲ್ ಪೈಪುಗಳು ಕಟ್ಟಡದ ಅಂಚಿನಲ್ಲೇ ಕತ್ತರಿಸುತ್ತವೆ. ಇಷ್ಟು ಸಡಿಲ ಉಸುಕಿನಲ್ಲಿ ನೀರು ಹೊರಹೋದ ಮೇಲೆ ಶೇ. 3ರಿಂದ 4ರಷ್ಟು ಕುಗ್ಗುವಿಕೆ ಹಿಡಿದರೆ, ನೀರಿನ ಕೆಳಗಿನ ಐದು ಮೀಟರ್ ಭರ್ತಿ 15ರಿಂದ 20 ಸೆಂ.ಮೀ. ಇಳಿಯುತ್ತದೆ. ಆದ್ದರಿಂದ ನಮ್ಮ ಆಯ್ಕೆ ನೆಲವನ್ನೇ ಬಲಪಡಿಸುವುದು.

ಜಲ್ಲಿಯ ಕಂಬ, ಅಂದರೆ ಸ್ಟೋನ್ ಕಾಲಂ. ವ್ಯಾಸ 0.8 ಮೀಟರ್, ತ್ರಿಕೋನ ಜೋಡಣೆಯಲ್ಲಿ ನಡುವಿನ ಅಂತರ 2 ಮೀಟರ್, ಆಳ 7 ಮೀಟರ್, ಅಂದರೆ ಮೂಲ ಉಸುಕಿನೊಳಗೆ ಒಂದೂವರೆ ಮೀಟರ್. ಕಟ್ಟಡದ ಅಂಚಿನಿಂದ ಸುತ್ತಲೂ 4 ಮೀಟರ್ ಹೊರಗೆ ಹೋಗಬೇಕು. ಬಲಪಡಿಸದ ನೆಲದಲ್ಲಿ ಏರಿದ ನೀರಿನ ಒತ್ತಡ ಒಳಕ್ಕೆ ನುಗ್ಗುವುದರಿಂದ ಅಂಚಿಗೇ ನಿಲ್ಲಿಸಿದರೆ ಹೊರಸಾಲಿನ ಕಂಬಗಳು ವ್ಯರ್ಥ. 28 × 38 ಮೀಟರ್ ಜಾಗಕ್ಕೆ ಒಂದು ಕಂಬಕ್ಕೆ 3.46 ಚದರ ಮೀಟರ್‌ನಂತೆ ಸುಮಾರು 307 ಕಂಬ. ಒಂದಕ್ಕೆ 3.5 ಘನ ಮೀಟರ್. ಒತ್ತಾಗುವುದಕ್ಕೆ ಕಾಲುಭಾಗ ಸೇರಿಸಿದರೆ ಒಟ್ಟು 1,350 ಘನ ಮೀಟರ್ ಜಲ್ಲಿ, ಹತ್ತು ಘನ ಮೀಟರ್ ಟಿಪ್ಪರ್‌ನಲ್ಲಿ 135 ಲೋಡು. ಉರಾಯಾಸುವಿನಲ್ಲಿ ಬಳಸಿದ್ದು ಉಸುಕಿನ ಕಂಬ. ಇಲ್ಲಿ ಉಸುಕಿನ ಪರವಾನಗಿಯ ಗೋಳು ಗೊತ್ತೇ ಇದೆ, ಕ್ವಾರಿ ಜಲ್ಲಿಯೇ ವಾಸಿ. ಜಲ್ಲಿಗೆ ನೀರು ಹರಿಸುವ ಗುಣವೂ ಇದೆ, ಆದರೆ ಸುತ್ತಲಿನ ನುಣ್ಣನೆ ಕಣ ನುಗ್ಗಿ ಕಂಬ ಕಟ್ಟಿಕೊಳ್ಳಬಹುದಾದ್ದರಿಂದ ಲೆಕ್ಕದಲ್ಲಿ ಅದನ್ನು ನಂಬಿಲ್ಲ.

ಕಂಬ ಇಳಿಸುವಾಗ ನೀರು ಚಿಮ್ಮಿಸುವ ವಿಧಾನಕ್ಕಿಂತ ತಳದಿಂದ ಜಲ್ಲಿ ಬಿಡುವ ಒಣ ವಿಧಾನ ಮೇಲು. ರಾಡಿ ನೀರು ಅಳಿವೆಗೆ ಸೇರುವುದು ತಪ್ಪುತ್ತದೆ. ಕಾಲದ ತೊಡಕೂ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಅಂಗಳ ಖಾಲಿ ಇರುತ್ತದೆ, ಆದರೆ ಮಳೆಯಲ್ಲಿ ರಿಗ್ ಕೆಲಸ ಮಾಡಲಾಗದು. ರಿಗ್ ಕೆಲಸ ಮಾಡಬಲ್ಲ ನವೆಂಬರ್-ಮೇ ನಡುವೆ ಬೋಟುಗಳು ತುಂಬಿರುತ್ತವೆ. ಅಂಗಳವನ್ನು ಎರಡು ಭಾಗ ಮಾಡಿ ಒಂದರ ನಂತರ ಒಂದು ಹಿಡಿಯುವುದನ್ನು ಟೆಂಡರ್‌ನಲ್ಲೇ ಬರೆಯಬೇಕು, ಆಮೇಲೆ ಜಗಳವಾಗಬಾರದು.

ಕೆಲಸ ಒಪ್ಪಿಕೊಳ್ಳುವ ಮಾನದಂಡ: ಕಂಬ ಇಳಿಸಿ ಕನಿಷ್ಠ ಎರಡು ವಾರದ ನಂತರ, ಮೂರು ಕಂಬಗಳ ನಟ್ಟನಡುವೆ ಎಸ್‌ಪಿಟಿ, ಅಂದರೆ ಎನ್ ಎಣಿಸುವ ಅದೇ ಸುತ್ತಿಗೆ ಪರೀಕ್ಷೆ. ಕಂಬದ ಪಕ್ಕದಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಮಳೆಗಾಲದ ನೀರಿಗೆ 1.2 ಗುಣಾಂಕ ಬರಲು ಮೂರು ಮೀಟರ್‌ನಲ್ಲಿ ತಿದ್ದಿದ ಎನ್ 14 ಬೇಕು. ಮೂರನೇ ವಲಯಕ್ಕೆ ಐದು ಮೀಟರ್‌ವರೆಗೆ 15 ಇರಬೇಕೆಂದು ಐಎಸ್ 1893ರ 2016ರ ಆವೃತ್ತಿ ಹೇಳುತ್ತದೆ. ಹದಿನೈದನ್ನೇ ಹಿಡಿದೆವು. ಆ 15 ಕೂಡ ತಿದ್ದಿದ ಸಂಖ್ಯೆ. ನಮ್ಮ ಗುಣಕಗಳಿಗೆ ಈ ಆಳದಲ್ಲಿ ಸುತ್ತಿಗೆಯ ಎಣಿಕೆ 11 ಬಂದರೆ ಸಾಕು. ಕಚ್ಚಾ ಎಣಿಕೆಯನ್ನೇ ಕೋಷ್ಟಕಕ್ಕೆ ಹೋಲಿಸಿ ಒಳ್ಳೆಯ ಕೆಲಸವನ್ನು ತಿರಸ್ಕರಿಸುವುದೂ, ಆಳದಲ್ಲಿ ಕೆಟ್ಟದ್ದನ್ನು ಒಪ್ಪುವುದೂ ಎರಡೂ ನಡೆಯುತ್ತದೆ.

ಧಕ್ಕೆ ಗೋಡೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆ ಪಿಯಾಂಕ್ 2001ರಲ್ಲಿ ಬಂದರುಗಳ ಭೂಕಂಪ ವಿನ್ಯಾಸಕ್ಕೆ ಮಾರ್ಗಸೂಚಿ ಕೊಟ್ಟಿತು. ಭಾರದ ಮೇಲೆ ನಿಲ್ಲುವ ಗೋಡೆ ಎತ್ತರದ ಶೇ. 1.5ರೊಳಗೆ ಸರಿದರೆ ಕೆಲಸ ನಿಲ್ಲುವುದಿಲ್ಲ, ಶೇ. 5ರವರೆಗೆ ದುರಸ್ತಿ ಸಾಧ್ಯ, ಶೇ. 10 ದಾಟಿದರೆ ಕುಸಿದಂತೆ. ನಮ್ಮ ಐದು ಮೀಟರ್ ಗೋಡೆಗೆ ಇದು ಕ್ರಮವಾಗಿ 7.5, 25 ಮತ್ತು 50 ಸೆಂ.ಮೀ. ಮೀನಿಳಿಸುವ ಧಕ್ಕೆ 25 ಸೆಂ.ಮೀ. ಸರಿದರೂ ಬೋಟು ಕಟ್ಟಬಹುದು. ಹಾಗಾಗಿ ಗೋಡೆಯನ್ನು ಉಳಿಸಿಕೊಂಡು, ಅದರ ಬೆನ್ನಿಗೆ ಉಸುಕು ತೆಗೆದು ಕರಿಕಲ್ಲಿನ ಇಳಿಜಾರು ತುಂಬಿ, ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕುವುದು ಸಾಕೆನಿಸಿತು. ಬಟ್ಟೆ ಇಲ್ಲದಿದ್ದರೆ ಪ್ರತಿ ಇಳಿತಕ್ಕೂ ಉಸುಕು ಕಲ್ಲಿನ ಸಂದಿಯಿಂದ ಸೋರಿ, ಭೂಕಂಪಕ್ಕೆ ಕಾಯದೆಯೇ ಅಂಗಳದಲ್ಲಿ ಗುಂಡಿ ಬೀಳುತ್ತದೆ. ಗೋಡೆಯ ಹತ್ತಿರ ಜಲ್ಲಿ ಕಂಬ ಇಳಿಸಬಾರದು, ಇಳಿಸುವ ಕಂಪನವೇ ಗೋಡೆಯನ್ನು ತಳ್ಳುತ್ತದೆ. ಗೋಡೆಯ ಬುಡ ನಿಂತಿರುವುದು ಗುಣಾಂಕ 1.05 ಇರುವ ಉಸುಕಿನ ಮೇಲೆ ಎಂಬುದು ಕೋಬೆಯನ್ನು ನೆನಪಿಸಬೇಕು. ಆ ಕಾರಣಕ್ಕೇ ಕಟ್ಟಡವನ್ನು 12ರಿಂದ 25 ಮೀಟರ್‌ಗೆ ಹಿಂದೆ ಸರಿಸಿದ್ದೇವೆ. ಗೋಡೆ ಸರಿದಾಗ ಹಿಂದಿನ ನೆಲ ಹತ್ತಾರು ಮೀಟರ್ ದೂರದವರೆಗೂ ಬಿರಿಯುತ್ತದೆ. ಐಸ್ ಸಾಗಿಸಲು ಗಾಡಿ 13 ಮೀಟರ್ ಹೆಚ್ಚು ಓಡಬೇಕು, ಅಷ್ಟೇ. ಅಮೋನಿಯಾ ಕೊಠಡಿ ನದಿಯ ಕಡೆಯಿಂದ ರಸ್ತೆಯ ಕಡೆಗೆ. ಪೈಪು ಕಟ್ಟಡ ದಾಟುವಲ್ಲಿ 20 ಸೆಂ.ಮೀ. ಇಳಿತ ತಾಳುವ ಬಾಗುವ ಜೋಡಣೆ, ಎರಡೂ ಬದಿಗೆ ವಾಲ್ವ್.

ನಾವು ತಿರುಗಿ ಕೊಡಬೇಕಾದ್ದು

ದ್ರವೀಕರಣದ ರೇಖೆ ಎಳೆಯುವುದು ಸೋತ ನೆಲ ಮತ್ತು ಸೋಲದ ನೆಲಗಳ ನಡುವೆ. ಭೂಕಂಪದ ನಂತರ ಎಲ್ಲರೂ ಓಡುವುದು ಸೋತ ಕಡೆಗೆ. ಏನೂ ಆಗದ ಜಾಗದ ಬೋರ್‌ಹೋಲ್ ಕೂಡ ಅಷ್ಟೇ ಬೆಲೆಯದು, ಅದು ಸಿಗುವುದೇ ಕಷ್ಟ. ಈಗಿರುವ ಕೋಷ್ಟಕಗಳು ಹೆಚ್ಚಾಗಿ ಇತ್ತೀಚಿನ ನದಿ ನಿಕ್ಷೇಪ ಮತ್ತು ಉಸುಕಿನ ಭರ್ತಿಗಳಿಂದ ಬಂದವು. ಚಿರೆಕಲ್ಲಿನ ಮೊರಂ, ಶೇಡಿ ಮಣ್ಣಿಗೆ ಅವನ್ನು ಹಚ್ಚುವುದು ನಾವೇ ತೆಗೆದುಕೊಳ್ಳುವ ಧೈರ್ಯ. ಅಘನಾಶಿನಿ ಅಳಿವೆಯ ಉಪ್ಪುನೀರಿನ ಗಜನಿ ಭೂಮಿಗಂತೂ ಈ ಲೆಕ್ಕವೇ ಬೇರೆ. ಅಲ್ಲಿ ಜೇಡಿ ಮೇಲೆ ಭರ್ತಿ ಹಾಕಿದರೆ ಭೂಕಂಪಕ್ಕೆ ಮುಂಚೆಯೇ ವರ್ಷಾನುಗಟ್ಟಲೆ ಇಳಿಯುತ್ತಿರುತ್ತದೆ.

ಹೊರಗಿನವರು ಬಳಸಬಹುದಾದ ದಾಖಲೆಗೆ ಬೇಕಾದ್ದು: ಅಕ್ಷಾಂಶ-ರೇಖಾಂಶ, ಸುತ್ತಿಗೆಯ ಬಗೆ ಮತ್ತು ಶಕ್ತಿ, ಬೋರ್‌ಹೋಲ್ ವ್ಯಾಸ, ರಾಡಿನ ಉದ್ದ, ಪರೀಕ್ಷೆಯ ಗಂಟೆ ಮತ್ತು ಆಗಿನ ಭರತ-ಇಳಿತ, ಪ್ರತಿ ಮಾದರಿಗೆ ನುಣ್ಣನೆ ಕಣದ ಪ್ರಮಾಣ, ಪ್ಲಾಸ್ಟಿಸಿಟಿ ಇಂಡೆಕ್ಸ್, ತೇವಾಂಶ. ಕಾಲಂ ಹಾಕುವ ಮುಂಚಿನದು, ನಂತರದ್ದು ಎರಡೂ. ಅಂಗಳದ ಎರಡು ಮೂಲೆಯಲ್ಲಿ ನೀರಿನ ಮಟ್ಟ ಅಳೆಯುವ ಪೀಜೋಮೀಟರ್ ಕೊಳವೆ ಇಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಭರತದ ವೇಳೆ ಓದಬೇಕು. ನಡುಕ ಬಂದದ್ದೇ ಆದರೆ ಬಿರುಕಿನ ಅಗಲ, ಉಸುಕಿನ ಬುಗ್ಗೆಯ ಸ್ಥಳ, ಗೋಡೆಯ ಸಾಲು ತಪ್ಪಿದ್ದು, ಪೀಜೋಮೀಟರಿನ ಓದು, ಈ ನಾಲ್ಕನ್ನು ಅಳತೆಪಟ್ಟಿ ಇಟ್ಟ ಫೋಟೊ ಸಮೇತ ಮುಂದಿನ ಭರತ ಏರುವುದರೊಳಗೆ ದಾಖಲಿಸಬೇಕು. ಉಸುಕಿನ ಬುಗ್ಗೆಯಿಂದ ಒಂದು ಕಿಲೋ ಮಾದರಿ ಚೀಲಕ್ಕೆ ತುಂಬಿಕೊಳ್ಳಬೇಕು. ಯಾವ ಪದರ ಸೋತಿತು ಎಂಬುದನ್ನು ಆಮೇಲೆ ಜರಡಿ ಹಿಡಿದು ಹೇಳಲು ಅಷ್ಟು ಸಾಕು.